ಹಿಂದಿನ ದವಡೆ ಹಲ್ಲು ಹೋದ ಮೇಲೆ

(ಮಂಡ್ಯದಲ್ಲಿ ಹಿರಿಯ ನಾಗರಿಕರ ಸಭೆಯೊಂದಕ್ಕಾಗಿ ಸಿದ್ಧಪಡಿಸಿದ ಉಪನ್ಯಾಸ)

ಹಿರಿಯರೇ, ಸ್ನೇಹಿತರೇ,

ನಮ್ಮ ಸೀಮೆಯಲ್ಲಿ ದವಡೆ ಹಲ್ಲು ಕಳೆದುಕೊಂಡವರು ದಂತವೈದ್ಯರ ಬಳಿಗೆ ತಡವಾಗಿ ಬರುವುದಕ್ಕೆ ನಮ್ಮ ಊಟವೂ ಒಂದು ಕಾರಣವೆಂಬುದು ನನ್ನ ಅನಿಸಿಕೆ. ರಾಗಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಎರಡು ಹೊತ್ತು ಮುದ್ದೆ ಉಣ್ಣುವವರಿಗೆ ಹಿಂದಿನ ಹಲ್ಲು ಇಲ್ಲವೆಂಬುದು ಬಾಡೂಟಕ್ಕೆ ಕುಳಿತಾಗಲೋ, ಕಬ್ಬಿನ ಜಲ್ಲೆ ಕೈಗೆ ಬಂದಾಗಲೋ ಮಾತ್ರ ನೆನಪಾಗುತ್ತದೆ. ನಕ್ಕರೆ ಕಾಣುವ ಜಾಗವೂ ಅದಲ್ಲ. ಆದರೆ ನಾವು ಮರೆತಿದ್ದರೂ ಬಾಯಿ ಸುಮ್ಮನಿರುವುದಿಲ್ಲ. ಖಾಲಿ ಜಾಗದ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಎದುರು ದವಡೆಯ ಹಲ್ಲು ತನಗೆ ತಡೆಯಿಲ್ಲದ್ದರಿಂದ ನಿಧಾನವಾಗಿ ಹೊರಕ್ಕೆ ಬರುತ್ತದೆ, ಹಲ್ಲಿದ್ದ ಜಾಗದ ಮೂಳೆ ಸವೆಯುತ್ತದೆ. ಹಲವು ವರ್ಷಗಳ ನಂತರ ಹೊಸ ಹಲ್ಲು ಕಟ್ಟಿಸಲು ಹೋದರೆ ಅದಕ್ಕೆ ಬೇಕಾದ ಎತ್ತರವೇ ಉಳಿದಿರುವುದಿಲ್ಲ. ಎದುರಿನ ಆರೋಗ್ಯವಂತ ಹಲ್ಲನ್ನು ತೇಯಬೇಕಾಗುತ್ತದೆ, ಕೆಲವೊಮ್ಮೆ ಅದಕ್ಕೆ ರೂಟ್ ಕೆನಾಲ್ ಕೂಡ ಮಾಡಬೇಕಾಗುತ್ತದೆ.

ಹೀಗೆ ಮೊದಲು ಕೈಬಿಡುವುದು ಬಹುಮಟ್ಟಿಗೆ ಆರನೇ ವಯಸ್ಸಿನ ಸುಮಾರಿಗೆ ಹುಟ್ಟುವ ದವಡೆ ಹಲ್ಲು. ಯಾವ ಹಾಲುಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಅದು ಸದ್ದಿಲ್ಲದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕಾದರೂ ಬಿದ್ದು ಬೇರೆ ಬರುತ್ತದೆಂದು ತಂದೆತಾಯಿ ಕಾಯುತ್ತಾರೆ. ಮೊಮ್ಮಕ್ಕಳಿರುವವರು ಇದನ್ನು ದಯವಿಟ್ಟು ಗಮನಿಸಬೇಕು.

ಈಗ ಚಿಕಿತ್ಸೆಯ ವಿಷಯ. ಹಲ್ಲು ಕೀಳಿಸಿಕೊಂಡವರು ಕೇಳುವ ಮೊದಲ ಪ್ರಶ್ನೆ, ಹಲ್ಲು ಸೆಟ್, ಬ್ರಿಡ್ಜ್, ಇಂಪ್ಲಾಂಟ್ ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು. ಖಾಲಿ ಜಾಗದ ಹಿಂದೆ ಗಟ್ಟಿಯಾದ ಹಲ್ಲೊಂದು ಉಳಿದಿದೆಯೇ ಎಂಬುದನ್ನು ನೋಡದೆ ಅದಕ್ಕೆ ಉತ್ತರ ಹೇಳಲಾಗದು. ಹಿಂದೆ ಹಲ್ಲಿದ್ದರೆ ಮೂರು ದಾರಿಗಳೂ ತೆರೆದಿರುತ್ತವೆ. ಇಲ್ಲದಿದ್ದರೆ ಬ್ರಿಡ್ಜ್ ಹೆಚ್ಚುಕಡಿಮೆ ಮುಚ್ಚಿದ ದಾರಿಯೇ ಸರಿ.

ಏಕೆಂದರೆ ಬ್ರಿಡ್ಜ್ ನಿಲ್ಲುವುದು ಎರಡೂ ಪಕ್ಕದ ಹಲ್ಲುಗಳ ಬಲದ ಮೇಲೆ. ಆ ಎರಡನ್ನೂ ಸುತ್ತ ತೇದು, ಒಂದಕ್ಕೊಂದು ಬೆಸೆದ ಮೂರು ಕ್ಯಾಪುಗಳನ್ನು ಅಂಟಿಸಿದಾಗ ನಡುವಿನ ಕ್ಯಾಪು ಕಳೆದುಹೋದ ಹಲ್ಲಿನ ಕೆಲಸ ಮಾಡುತ್ತದೆ. ಕೆಲವು ವಾರಗಳಲ್ಲಿ ಕೆಲಸ ಮುಗಿಯುತ್ತದೆ, ತೆಗೆದು ಹಾಕುವ ರಗಳೆಯಿಲ್ಲ. ಪಕ್ಕದ ಹಲ್ಲುಗಳಿಗೆ ಮೊದಲೇ ದೊಡ್ಡ ಫಿಲ್ಲಿಂಗ್ ಅಥವಾ ಕ್ಯಾಪ್ ಆಗಿದ್ದರೆ ನಾನು ಸಂಕೋಚವಿಲ್ಲದೆ ಬ್ರಿಡ್ಜನ್ನೇ ಸೂಚಿಸುತ್ತೇನೆ. ಆದರೆ ಒಂದು ಚುಕ್ಕೆಯೂ ಇಲ್ಲದ ಹಲ್ಲುಗಳೆರಡನ್ನು ಒಂದು ಹಲ್ಲಿಗಾಗಿ ತೇಯಲು ಮನಸ್ಸು ಒಪ್ಪುವುದಿಲ್ಲ, ತೇದ ಭಾಗ ಮತ್ತೆ ಬೆಳೆಯುವಂಥದ್ದಲ್ಲ. ಬ್ರಿಡ್ಜಿನ ಅಡಿಯಲ್ಲಿ ಸಿಕ್ಕಿಕೊಳ್ಳುವ ಊಟವನ್ನು ಹಲ್ಲಿನ ಸಂದಿಗೆ ತೂರುವ ಪುಟ್ಟ ಬ್ರಷ್‌ನಿಂದ ದಿನವೂ ತೆಗೆಯದಿದ್ದರೆ, ಕ್ಯಾಪಿನ ಒಳಗಿನ ಹಲ್ಲು ಹೊರಗೆ ಗೊತ್ತಾಗದಂತೆ ಹುಳುಕಾಗುತ್ತದೆ.

ತೆಗೆದು ಹಾಕುವ ಹಲ್ಲು ಸೆಟ್ಟು ಎಲ್ಲಕ್ಕಿಂತ ಅಗ್ಗ, ಹಲವು ಹಲ್ಲು ಹೋದವರಿಗೆ ಬೇಗ ಒದಗುವುದೂ ಅದೇ. ಪ್ಲಾಸ್ಟಿಕ್ಕಿನದಕ್ಕಿಂತ ಕೋಬಾಲ್ಟ್ ಕ್ರೋಮಿಯಂ ಲೋಹದ ಚೌಕಟ್ಟಿನದು ತೆಳುವಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ಆದರೆ ಕೊನೆಯ ಹಲ್ಲುಗಳೇ ಇಲ್ಲದವರಲ್ಲಿ ಅದರ ಮುಂದಿನ ತುದಿ ಹಲ್ಲಿಗೆ ಆತುಕೊಂಡು, ಹಿಂದಿನ ತುದಿ ಬರಿಯ ವಸಡಿನ ಮೇಲೆ ಕೂರಬೇಕಾಗುತ್ತದೆ. ಒಂದು ತುದಿಯನ್ನು ಗದ್ದೆ ಬದುವಿನ ಮೇಲೂ ಇನ್ನೊಂದನ್ನು ಕೆಸರಿನ ಮೇಲೂ ಇಟ್ಟ ಹಲಗೆಯಂತೆ, ಅಗಿದಾಗಲೆಲ್ಲ ಅದು ಅಲುಗಾಡುತ್ತದೆ, ಆಧಾರದ ಹಲ್ಲನ್ನೂ ಜಗ್ಗುತ್ತದೆ. ಮೂಳೆ ಸವೆದಂತೆ ಸಡಿಲವಾಗುವುದರಿಂದ ಆಗಾಗ ಅದರ ಒಳಮೈಯನ್ನು ಸರಿಪಡಿಸಿಕೊಳ್ಳಬೇಕು. ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು, ಬಿಸಿನೀರಿನಲ್ಲಲ್ಲ. ಒಂದೇ ಪಕ್ಕಕ್ಕೆ ಕೂರುವ ಒಂದು ಹಲ್ಲಿನ ಪುಟ್ಟ ಸೆಟ್ಟನ್ನು ನಾನು ಮಾಡಿಕೊಡಲು ಒಪ್ಪುವುದಿಲ್ಲ. ನಿದ್ದೆಯಲ್ಲೋ ಊಟದಲ್ಲೋ ಅದು ಗಂಟಲಿಗೆ ಜಾರಬಹುದು.

ಇಂಪ್ಲಾಂಟ್ ಎಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ತಿರುಪು. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯ ವಿಜ್ಞಾನಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರವನ್ನು ನೋಡಲು ಇಟ್ಟಿದ್ದ ಟೈಟಾನಿಯಂ ಉಪಕರಣವನ್ನು ಹಿಂತೆಗೆಯಲು ಹೋದಾಗ ಅದು ಮೂಳೆಯೊಂದಿಗೆ ಬೆಸೆದುಕೊಂಡಿರುವುದು ಕಂಡಿತು. ಹಲ್ಲಿನ ವಿಷಯವೇ ಅಲ್ಲದ ಆ ಸಂಶೋಧನೆಯ ಫಲವನ್ನು ಅವರು 1965ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ದವಡೆಗೆ ಬಳಸಿದರು. ಪಕ್ಕದ ಹಲ್ಲುಗಳನ್ನು ಮುಟ್ಟದಿರುವುದು, ಹಿಂದೆ ಹಲ್ಲಿಲ್ಲದಿದ್ದರೂ ನಿಲ್ಲುವುದು ಇದರ ದೊಡ್ಡ ಗುಣ. ಸರಿಯಾಗಿ ಆರಿಸಿದ ರೋಗಿಗಳಲ್ಲಿ ಹತ್ತು ವರ್ಷಗಳ ನಂತರವೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಂಪ್ಲಾಂಟುಗಳು ಉಳಿದಿರುತ್ತವೆ.

ಆದರೂ ಹಿಂದಿನ ದವಡೆ ಇಂಪ್ಲಾಂಟಿಗೆ ಸುಲಭದ ಜಾಗವಲ್ಲ. ಕೆಳದವಡೆಯ ಮೂಳೆಯೊಳಗೆ ತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ ಮರಗಟ್ಟುತ್ತದೆ, ಆದ್ದರಿಂದ ಸುಮಾರು 2 ಮಿಲಿಮೀಟರ್ ಅಂತರ ಬಿಡುತ್ತೇವೆ. ಮೇಲ್ದವಡೆಯಲ್ಲಿ ಸೈನಸ್ ಎಂಬ ಗಾಳಿಗೂಡು ಕೆಳಗಿಳಿದಿದ್ದರೆ ಅಲ್ಲಿ ಮೂಳೆ ತುಂಬಿಸುವ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ತಿರುಪು ಮೂಳೆಯೊಂದಿಗೆ ಬೆಸೆದುಕೊಳ್ಳಬೇಕಾದ್ದರಿಂದ, ಅದರ ಮೇಲೆ ಕ್ಯಾಪ್ ಕೂರಿಸಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು. ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು: ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದ ಕೆಲವರಲ್ಲಿ ಕೆನ್ನೆಯ ಒಳಭಾಗ ಬಿಗಿದು ಬಾಯಿಯೇ ತೆರೆಯುವುದಿಲ್ಲ. ಮೂರು ಬೆರಳು ಒಂದರ ಮೇಲೊಂದಾಗಿ ಬಾಯೊಳಗೆ ಹೋಗದಿದ್ದರೆ ಹಿಂದಿನ ದವಡೆಗೆ ನಮ್ಮ ಉಪಕರಣ ಮುಟ್ಟುವುದು ಕಷ್ಟ, ಮತ್ತು ಅಂಥ ಬಾಯಿಗೆ ಹಲ್ಲಿಗಿಂತ ಮೊದಲು ಕ್ಯಾನ್ಸರ್ ತಪಾಸಣೆ ಆಗಬೇಕು.

ಏನೂ ಹಾಕಿಸದಿರುವುದೂ ಒಂದು ಚಿಕಿತ್ಸಾ ನಿರ್ಧಾರವೇ. ನೆದರ್ಲೆಂಡ್ಸ್‌ನ ಕೈಸರ್ ಎಂಬ ದಂತವೈದ್ಯ 1981ರಲ್ಲಿ ತೋರಿಸಿದಂತೆ, ಮುಂದಿನ ಹಲ್ಲುಗಳೂ ಅವುಗಳ ಹಿಂದಿನ ಸಣ್ಣ ದವಡೆ ಹಲ್ಲುಗಳೂ ಮೇಲೆ ಕೆಳಗೆ ಗಟ್ಟಿಯಾಗಿದ್ದರೆ ಅನೇಕರು ದೊಡ್ಡ ದವಡೆ ಹಲ್ಲಿಲ್ಲದೆಯೂ ನೆಮ್ಮದಿಯಾಗಿ ಉಣ್ಣಬಲ್ಲರು. ಎಪ್ಪತ್ತು ದಾಟಿದ, ಊಟಕ್ಕೆ ತೊಂದರೆಯಿಲ್ಲವೆನ್ನುವ ಹಿರಿಯರಿಗೆ ಸಾಲ ಮಾಡಿ ಇಂಪ್ಲಾಂಟ್ ಹಾಕಿಸಿಕೊಳ್ಳಿ ಎಂದು ನಾನು ಹೇಳಲಾರೆ.

ಖರ್ಚು ಹೊಂದಿಸಲಾಗದವರು ಮೈಸೂರಿನ ದಂತವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡುವುದರಿಂದ ಓಡಾಟ ಹೆಚ್ಚು, ಶುಲ್ಕ ಕಡಿಮೆ.

ಎಲ್ಲಿಗೆ ಹೋದರೂ ನೀವು ನುಂಗುವ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಿರಿ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದಿದ್ದರೆ ಇಂಪ್ಲಾಂಟಿನೊಂದಿಗೆ ಮೂಳೆ ಸರಿಯಾಗಿ ಬೆಸೆಯದಿರಬಹುದು. ಹಾಗಾಗಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿಯನ್ನು ನಾವು ಕೇಳುತ್ತೇವೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೃದ್ರೋಗ ತಜ್ಞರನ್ನು ಕೇಳದೆ ನೀವೇ ನಿಲ್ಲಿಸಬಾರದು. ಮೂಳೆ ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೋಪೊರೋಸಿಸ್) ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ತೆಗೆದುಕೊಂಡಿದ್ದರೆ, ಅದು ಹಲ್ಲಿಗೆ ಸಂಬಂಧಿಸಿದ್ದಲ್ಲವೆಂದು ಬಿಟ್ಟುಬಿಡದೆ ಮೊದಲೇ ತಿಳಿಸಿರಿ; ಅಂಥವರಲ್ಲಿ ಹಲ್ಲು ಕಿತ್ತ ಗಾಯವೂ ಕೆಲವೊಮ್ಮೆ ತಿಂಗಳುಗಟ್ಟಲೆ ಮಾಯುವುದಿಲ್ಲ.