ಹಳೇ ಕಾಂಟೆಸ್ಸಾ ತಗೊಳ್ತೀರಾ? ಮೊದಲು ಮ್ಯಾಟ್ ಎತ್ತಿ ನೋಡಿ

(ದೃಶ್ಯ: ಶೆಡ್ ಒಳಗೆ ಕಾಂಟೆಸ್ಸಾ. ಬಾನೆಟ್ ಎತ್ತಿದೆ.)

ನಮಸ್ಕಾರ. ನಾಲ್ಕು ಜನ ಕಾರ್ ಹುಚ್ಚರು ಚಹಾ ಅಂಗಡಿ ಮುಂದೆ ಸೇರಿದರೆ ಮಾತು ಸೀದಾ ಎಂಜಿನ್‌ಗೆ ಹೋಗುತ್ತದೆ. "ಯಾವ ಎಂಜಿನ್ ಕೂರಿಸ್ತೀಯೋ? ಎಷ್ಟು ಪವರ್ ಬರುತ್ತೋ?" ನಾನೂ ಹಾಗೇ ಇದ್ದೆ. ಈ ಕಾರು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು, ಸದ್ದು ಕೇಳಿದೆ, ಅಡ್ವಾನ್ಸ್ ಕೊಟ್ಟುಬಿಟ್ಟೆ. ಮನೆಗೆ ತಂದ ಮೇಲೆ ಮ್ಯಾಟ್ ಎತ್ತಿದೆ.

(ದೃಶ್ಯ: ಸ್ಕ್ರೂಡ್ರೈವರ್ ನೆಲದ ತಗಡಿನೊಳಗೆ ಇಳಿಯುತ್ತದೆ.)

ನೋಡಿ, ಒತ್ತಲೂ ಇಲ್ಲ. ಹಪ್ಪಳ! ಮೇಲೆ ಥಳುಕು, ಒಳಗೆ ಹುಳುಕು.

ಕಾಂಟೆಸ್ಸಾ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. 1984ರಲ್ಲಿ ಹಿಂದೂಸ್ತಾನ್ ಮೋಟರ್ಸ್ ತಂದ ಕಾರು ಇದು. ಬಾಡಿ ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್‌ದು. ಉದ್ದ ಬಾನೆಟ್, ಹಿಂದಿನ ಚಕ್ರಕ್ಕೆ ಪವರ್, ನೋಡಲು ಪೈಲ್ವಾನ. ಆದರೆ ಮೊದಲು ಒಳಗೆ ಕೂರಿಸಿದ್ದು ಅಂಬಾಸಿಡರ್‌ನ 1,489 ಸಿಸಿ ಎಂಜಿನ್. ಪೈಲ್ವಾನನಿಗೆ ಗುಬ್ಬಚ್ಚಿ ಗುಂಡಿಗೆ. ಆಮೇಲೆ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ಮತ್ತು ಐದು ಗೇರ್ ಬಂದವು, ಹೆಸರು ಕಾಂಟೆಸ್ಸಾ ಕ್ಲಾಸಿಕ್. ಹುಡುಗರು ಈಗಲೂ ಹುಡುಕುವುದು ಅದನ್ನೇ.

ಅದೇ ಇಸುಜು ಎಂಜಿನ್ 90ರ ದಶಕದಲ್ಲಿ ಅಂಬಾಸಿಡರ್‌ಗೂ ಬಂತು. ಹಾಗಾಗಿ ಕೈ ಪಳಗಿದ ಮೆಕ್ಯಾನಿಕ್‌ಗಳು ಇದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿ, ಗುಜರಿಯಲ್ಲಿ ವಿಚಾರಿಸಿದರೆ ಎಂಜಿನ್‌ಗೆ ಏನೋ ಒಂದು ದಾರಿ ಆಗುತ್ತದೆ. ಬಾಡಿ ವಿಷಯದಲ್ಲಿ ಹಾಗಾಗುವುದಿಲ್ಲ. ಕಾರಿನ ತಯಾರಿಕೆ ನಿಂತಿದ್ದೇ 2002ರಲ್ಲಿ. ಹೊಸ ಡೋರ್, ಗ್ಲಾಸ್ ಸುತ್ತಲಿನ ರಬ್ಬರ್ ಬೀಡಿಂಗ್, ಹಿಂದಿನ ಲೈಟು ಎಲ್ಲಿಂದ ತರ್ತೀರಿ?

ಇನ್ನೊಂದು ಮುಖ್ಯ ವಿಷಯ. ಜೀಪಿಗೆ ಇರುವ ಹಾಗೆ ಇದಕ್ಕೆ ಬೇರೆ ಚಾಸಿ, ಅಂದರೆ ಭಾರ ಹೊರುವ ಕೆಳಗಿನ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಇವೇ ಕಾರಿನ ಬೆನ್ನುಮೂಳೆ. ಅವು ಕೊಳೆತಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಸುಮ್ನೆ. ತಿರುವಿನಲ್ಲಿ ಬಾಡಿಯೇ ನುಲಿಯುತ್ತದೆ. ಇನ್ನು ಅದಕ್ಕೆ ಪವರ್ ಜಾಸ್ತಿ ಮಾಡಿದರೆ ಕಥೆ ಕೇಳಲೇಬೇಡಿ.

(ದೃಶ್ಯ: ತೆಳು ಬಟ್ಟೆ ಸುತ್ತಿದ ಅಯಸ್ಕಾಂತ.)

ಕಾರು ನೋಡಲು ಹೋಗುವಾಗ ಇದು ಜೇಬಲ್ಲಿರಲಿ. ಬಾಗಿಲ ಕೆಳಗೆ, ಚಕ್ರದ ಕಮಾನಿನ ಅಂಚಿಗೆ ಇಡಿ. ಕಚ್ಚಿಕೊಂಡರೆ ತಗಡು. ಜಾರಿ ಬಿದ್ದರೆ ಪೇಂಟ್ ಕೆಳಗೆ ತೂತು ಮುಚ್ಚುವ ಪುಟ್ಟಿ ಮೆತ್ತಿದ್ದಾರೆ. ಬೆರಳಲ್ಲಿ ತಟ್ಟಿದರೂ ಗೊತ್ತಾಗುತ್ತದೆ: ತಗಡು ಟಣ್ ಅನ್ನುತ್ತದೆ, ಪುಟ್ಟಿ ಡಬ್ ಅನ್ನುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆಸಿ ಕೆಳಗೆ ನೋಡಿ. ಮುಂದಿನ ಗ್ಲಾಸಿನ ಬೀಡಿಂಗ್ ಒಣಗಿ ಬಿರಿದಿದ್ದರೆ ಮಳೆ ನೀರು ಸೀದಾ ಮ್ಯಾಟ್ ಕೆಳಗೆ. ನನ್ನ ಕಾರಿಗೆ ಆಗಿದ್ದೂ ಅದೇ.

ಕಾರು ಎಲ್ಲಿ ಬಾಳಿದೆ ಅಂತಲೂ ಕೇಳಿ. ಮಂಗಳೂರು, ಕಾರವಾರದ ಉಪ್ಪುಗಾಳಿ ತಿಂದ ಕಾರಿಗೂ ಬಳ್ಳಾರಿ ಬಿಸಿಲಲ್ಲಿ ನಿಂತ ಕಾರಿಗೂ ಅಜಗಜಾಂತರ. ಬಿಸಿಲಿಗೆ ಪೇಂಟ್ ಮಾಸುತ್ತದೆ, ಡ್ಯಾಶ್‌ಬೋರ್ಡ್ ಸೀಳುತ್ತದೆ. ಆದರೆ ತಗಡು ಉಳಿಯುತ್ತದೆ. ನಾನಾದರೆ ಪೇಂಟ್ ಹೋದ ಬಳ್ಳಾರಿ ಕಾರನ್ನೇ ತರುತ್ತೇನೆ.

ಕಾಗದ ಪತ್ರದ ಮಾತೂ ಇದೆ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಕಾರಿನ ಮೇಲಿರುವುದಕ್ಕೆ ತಾಳೆಯಾಗಬೇಕು. ಆರ್‌ಟಿಒ ಅನುಮತಿ ಇಲ್ಲದೆ ಬೇರೆ ಎಂಜಿನ್ ಕೂರಿಸಿದ್ದರೆ ಆ ತಲೆನೋವು ನಿಮಗೇ. ಆರ್‌ಸಿ ಮುಗಿದಿದೆಯಾ ನೋಡಿ. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 2025ರಲ್ಲಿ ಕೇಂದ್ರ ಸರ್ಕಾರ 10,000 ರೂಪಾಯಿಗೆ ಏರಿಸಿದೆ. ಕಾಂಟೆಸ್ಸಾ ಅಂದರೆ ಎಲ್ಲವೂ 20 ದಾಟಿದವೇ, ಅಲ್ವಾ?

ನನ್ನ ಕಾರಿಗೆ ಈಗ ಸೀಟು ಬಿಚ್ಚಿದ್ದೇನೆ. ಟಿಂಕರಿಂಗ್ ಮಾಡುವವರು ಬಂದು ನೋಡಿ, ಪೆನ್ಸಿಲ್ ತಗೊಂಡು ಕತ್ತರಿಸುವ ಜಾಗಕ್ಕೆ ಗೆರೆ ಹಾಕಿದರು. ಗೆರೆ ಡ್ರೈವರ್ ಸೀಟಿನಿಂದ ಶುರುವಾಗಿ ಹಿಂದಿನ ಸೀಟಿನವರೆಗೂ ಹೋಯಿತು. ಮುಂದಿನ ವಿಡಿಯೋದಲ್ಲಿ ಅದನ್ನು ಕತ್ತರಿಸುತ್ತೇವೆ.