ಮೊದಲು ಎನ್‌ಎವಿ ನೋಡಿ, ಆಮೇಲೆ ಗೆರೆ ಎಳೆಯಿರಿ

ಎಲ್ಲರಿಗೂ ನಮಸ್ಕಾರ. ಇವತ್ತು ಬಡ್ಡಿ ದರದ ಬಗ್ಗೆ ಮಾತಾಡೋಣ ಅಂತಿದ್ದೆ, ಅದನ್ನು ಮುಂದಿನ ವಾರಕ್ಕೆ ಹಾಕಿದ್ದೇನೆ. ಯಾಕೆಂದರೆ ಹೋದ ವಿಡಿಯೋದ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಬಿಟಿಒ ಅನ್ನುವ ಫಂಡಿನ ಬೆಲೆ 200 ದಿನದ ಮೂವಿಂಗ್ ಆವರೇಜ್, ಅಂದರೆ ಸರಾಸರಿ ಬೆಲೆಯ ಗೆರೆ, ದಾಟಿದೆಯಂತೆ, ಬೆಲೆಯ ಏರಿಳಿತದ ವೇಗ ಅಳೆಯುವ ಆರ್‌ಎಸ್‌ಐ ಚೆನ್ನಾಗಿದೆಯಂತೆ, ಇನ್ನು ಎನ್‌ಎವಿ ಗಿನ್‌ಎವಿ ಎಲ್ಲ ಯಾಕೆ, ಚಾರ್ಟಿನಲ್ಲೇ ಎಲ್ಲಾ ಇದೆ ಅಂತೆ. ಅದಕ್ಕೆ ಬಿದ್ದಿರುವ ಲೈಕ್ ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು.

ಎಲ್ಲಾ ಇಲ್ಲ ಸ್ವಾಮಿ. ಅರ್ಧ ಇದೆ.

ಹೊಸಬರಿಗಾಗಿ ಎರಡು ಮಾತು. ಬಿಟಿಒ ಅಂದರೆ ಜಾನ್ ಹ್ಯಾನ್‌ಕಾಕ್ ಫೈನಾನ್ಶಿಯಲ್ ಆಪರ್ಚುನಿಟೀಸ್ ಫಂಡ್. 1994ರಲ್ಲಿ ಶುರುವಾದದ್ದು, ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ವಹಿವಾಟು. ಒಳಗಿರುವುದು ಹೆಚ್ಚಾಗಿ ಅಮೆರಿಕದ ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳ ಷೇರು. ಇದು ಕ್ಲೋಸ್ಡ್ ಎಂಡ್ ಫಂಡ್. ನೀವು ಬಂದು ನನ್ನ ಯೂನಿಟ್ ವಾಪಸ್ ತಗೊಳ್ಳಿ ಅಂದರೆ ಫಂಡ್ ತಗೊಳ್ಳುವುದಿಲ್ಲ. ಪೇಟೆಯಲ್ಲಿ ಇನ್ನೊಬ್ಬರಿಗೇ ಮಾರಬೇಕು. ಹಾಗಾಗಿ ಇದಕ್ಕೆ ಎರಡು ಬೆಲೆ. ಒಳಗಿನ ಷೇರುಗಳ ಬೆಲೆ ಕೂಡಿ, ಸಾಲ ಕಳೆದು, ಒಂದು ಯೂನಿಟ್‌ಗೆ ಎಷ್ಟು ಬಂತೋ ಅದು ಎನ್‌ಎವಿ. ಪೇಟೆಯಲ್ಲಿ ಜನ ಕೊಡುವುದು ಇನ್ನೊಂದು. ನಿಮ್ಮ ಚಾರ್ಟಿನಲ್ಲಿ ಕಾಣುವುದು ಎರಡನೆಯದು ಮಾತ್ರ.

ಈಗ ಲೆಕ್ಕ ನೋಡಿ, ಉದಾಹರಣೆಗೆ ಹೇಳುತ್ತಿರುವ ಲೆಕ್ಕ ಇದು. ಎನ್‌ಎವಿ 20 ಡಾಲರ್, ಪೇಟೆ ಬೆಲೆ 18. ಮೂರು ತಿಂಗಳಲ್ಲಿ ಬೆಲೆ 22 ಆಯಿತು. ಚಾರ್ಟಿನಲ್ಲಿ 22 ಪರ್ಸೆಂಟ್ ಏರಿಕೆ, ದೊಡ್ಡ ಹಸಿರು ಕ್ಯಾಂಡಲ್, ಬ್ರೇಕ್‌ಔಟ್, ಅಂದರೆ ಹಳೆಯ ತಡೆ ದಾಟಿ ಮೇಲೆ ಹೋಯಿತು, ಅಂತ ಕುಣಿತ. ಎನ್‌ಎವಿ ಎಷ್ಟಿದೆ? ಅದೇ 20! ಒಳಗಿನ ಬ್ಯಾಂಕ್ ಷೇರುಗಳೆಲ್ಲ ಸೇರಿ ಒಂದು ಇಂಚೂ ಮೇಲೆ ಹೋಗಿಲ್ಲ. ಬೆಲೆ ಎನ್‌ಎವಿಗಿಂತ ಕಡಿಮೆ ಇದ್ದರೆ ಡಿಸ್ಕೌಂಟ್, ಹೆಚ್ಚಿದ್ದರೆ ಪ್ರೀಮಿಯಂ; 10 ಪರ್ಸೆಂಟ್ ಡಿಸ್ಕೌಂಟ್ ಇದ್ದದ್ದು 10 ಪರ್ಸೆಂಟ್ ಪ್ರೀಮಿಯಂ ಆಯಿತು, ಅಷ್ಟೇ. ಇನ್ನೊಂದು ನೋಡಿ. ನೀವು 24ಕ್ಕೆ ಕೊಂಡಿರಿ, ಎನ್‌ಎವಿ 20. ಬ್ಯಾಂಕುಗಳು ಚೆನ್ನಾಗಿ ನಡೆದು ಎನ್‌ಎವಿ 21 ಆಯಿತು, ಆದರೆ ಪ್ರೀಮಿಯಂ ಕರಗಿ ಬೆಲೆಯೂ 21ಕ್ಕೆ ಬಂತು. ಬ್ಯಾಂಕ್ ಬಗ್ಗೆ ನಿಮ್ಮ ಅಂದಾಜು ಸರಿ, ಆದರೂ ನಿಮಗೆ ಹನ್ನೆರಡೂವರೆ ಪರ್ಸೆಂಟ್ ನಷ್ಟ. ಇದನ್ನು ಯಾವ ಮೂವಿಂಗ್ ಆವರೇಜ್ ಹೇಳುತ್ತೆ, ಹೇಳಿ ನೋಡೋಣ?

ಎನ್‌ಎವಿ ಸಿಗುವುದು ಕಷ್ಟ ಅನ್ನುವವರಿದ್ದಾರೆ. ಏನು ಕಷ್ಟ! ಟಿಕರ್, ಅಂದರೆ ಪೇಟೆಯಲ್ಲಿನ ಕಿರುಹೆಸರು, ಅದರ ಹಿಂದೆ ಒಂದು ಎಕ್ಸ್, ಮುಂದೆ ಒಂದು ಎಕ್ಸ್ ಸೇರಿಸಿ. ಎಕ್ಸ್‌ಬಿಟಿಒಎಕ್ಸ್. ಎನ್‌ಎವಿ ಚಾರ್ಟ್ ಬರುತ್ತೆ. ಹತ್ತು ಸೆಕೆಂಡ್ ಕೆಲಸ. ಅದಕ್ಕೂ ಸೋಮಾರಿತನ ಮಾಡಿಕೊಂಡು ಫಿಬೊನಾಚಿ ಗೆರೆಗಳನ್ನು ಮಾತ್ರ ಏಳು ಬಣ್ಣದಲ್ಲಿ ಎಳೆಯುವವರಿಗೆ ಏನು ಹೇಳಲಿ? ಅಂದಹಾಗೆ, ಎನ್‌ಎವಿ ಮತ್ತು ಬೆಲೆಯನ್ನು ಒಂದೇ ಸ್ಕ್ರೀನಿನಲ್ಲಿ ಹೇಗೆ ಹಾಕುವುದು ಅಂತ ಒಂದು ವಿಡಿಯೋ ಇದೇ ಚಾನೆಲ್‌ನಲ್ಲಿದೆ. ಇನ್ನೂ ನೋಡಿಲ್ಲ ಅಂದರೆ ನೋಡಿ, ಸಬ್‌ಸ್ಕ್ರೈಬ್ ಮಾಡಿ.

ಇನ್ನು ಡಿವಿಡೆಂಡ್. ಬಿಟಿಒ ಮೂರು ತಿಂಗಳಿಗೊಮ್ಮೆ ದುಡ್ಡು ಹಂಚುತ್ತೆ. ಎಕ್ಸ್ ಡಿವಿಡೆಂಡ್ ದಿನ, ಅಂದರೆ ಅವತ್ತಿನಿಂದ ಕೊಂಡವರಿಗೆ ಆ ಸಲದ ಡಿವಿಡೆಂಡ್ ಸಿಗದ ದಿನ, ಬೆಲೆ ಹೆಚ್ಚುಕಡಿಮೆ ಅಷ್ಟೇ ಕೆಳಗೆ ತೆರೆಯುತ್ತೆ. ಡಿವಿಡೆಂಡ್ ಲೆಕ್ಕಕ್ಕೆ ಅಡ್ಜಸ್ಟ್ ಮಾಡದ ಚಾರ್ಟಿನಲ್ಲಿ ಅಲ್ಲೊಂದು ಗ್ಯಾಪ್, ಆರ್‌ಎಸ್‌ಐ ಕುಸಿತ, 'ಸಪೋರ್ಟ್ ಮುರಿಯಿತು', ಅಂದರೆ ಬೆಲೆ ಬಿದ್ದಾಗ ನಿಲ್ಲುತ್ತಿದ್ದ ಮಟ್ಟ ಹೋಯಿತು, ಅಂತ ಗಾಬರಿ. ಮುರಿದದ್ದೇನಿಲ್ಲ, ದುಡ್ಡು ನಿಮ್ಮ ಅಕೌಂಟಿಗೆ ಬರುತ್ತಿದೆ. ಸರಿ, ಅಡ್ಜಸ್ಟ್ ಮಾಡಿದ ಚಾರ್ಟ್ ಹಾಕಿಕೊಂಡರೆ? ಅಲ್ಲಿ ಪ್ರತಿ ಸಲ ಡಿವಿಡೆಂಡ್ ಬಂದಾಗಲೂ ಹಳೆಯ ಬೆಲೆಗಳೆಲ್ಲ ಸ್ವಲ್ಪ ಕೆಳಗೆ ಸರಿಯುತ್ತವೆ. ಹೋದ ವರ್ಷ ನೀವು ಎಳೆದ ಸಪೋರ್ಟ್ ಗೆರೆ ಇವತ್ತು ಆ ತಳಗಳನ್ನು ಮುಟ್ಟುವುದೇ ಇಲ್ಲ. ಅಂಥ ಗೆರೆಯನ್ನು ನಂಬಿ ದುಡ್ಡು ಹಾಕುತ್ತೀರಾ?

ಆದರೂ ಒಬ್ಬರಲ್ಲ ಒಬ್ಬರು ಬರುತ್ತಾರೆ, ಬೆಲೆಯಲ್ಲೇ ಎಲ್ಲ ಸುದ್ದಿಯೂ ಸೇರಿರುತ್ತೆ ಸರ್ ಅಂತ. ಅದೇ ಹಳೇ ಮಂತ್ರ. ಅಮೆರಿಕದ ಹಣಕಾಸು ಷೇರುಗಳದ್ದೇ ಆದ ಎಕ್ಸ್‌ಎಲ್‌ಎಫ್ ಥರದ ಇಟಿಎಫ್, ಅಂದರೆ ಪೇಟೆಯಲ್ಲಿ ವಹಿವಾಟಾಗುವ ಇನ್ನೊಂದು ಬಗೆಯ ಫಂಡ್, ಉದಾಹರಣೆಗೆ ತಗೊಳ್ಳಿ. ಅಲ್ಲಿ ಬೆಲೆ ಎನ್‌ಎವಿಯಿಂದ ದೂರ ಹೋದರೆ ದೊಡ್ಡ ಸಂಸ್ಥೆಗಳು ಯೂನಿಟ್ ಹುಟ್ಟಿಸಿ, ಇಲ್ಲವೇ ವಾಪಸ್ ಕೊಟ್ಟು, ಎಳೆದು ತರುತ್ತವೆ. ಕ್ಲೋಸ್ಡ್ ಎಂಡ್‌ನಲ್ಲಿ ಆ ದಾರಿಯೇ ಇಲ್ಲ. ಹಾಗಾಗಿ ಡಿಸ್ಕೌಂಟ್ ವರ್ಷಗಟ್ಟಲೆ ಹಾಗೇ ಉಳಿಯಬಹುದು, ಪ್ರೀಮಿಯಂ ಒಂದೇ ವಾರದಲ್ಲಿ ಮಾಯವಾಗಬಹುದು. ಇಟಿಎಫ್, ಕ್ಲೋಸ್ಡ್ ಎಂಡ್ ಎರಡರ ಚಾರ್ಟನ್ನೂ ಒಂದೇ ರೀತಿ ಓದುತ್ತೇನೆ ಅನ್ನುವುದು ಹಟ, ಅನಾಲಿಸಿಸ್ ಅಲ್ಲ.

2023ರ ಮಾರ್ಚ್ ನೆನಪಿದೆ ಅಲ್ವಾ? 10ಕ್ಕೆ ಸಿಲಿಕಾನ್ ವ್ಯಾಲಿ ಬ್ಯಾಂಕ್, 12ಕ್ಕೆ ಸಿಗ್ನೇಚರ್ ಬ್ಯಾಂಕ್, ಮೇ 1ಕ್ಕೆ ಫಸ್ಟ್ ರಿಪಬ್ಲಿಕ್, ಒಂದಾದ ಮೇಲೊಂದು ಮುಳುಗಿದವು. ಪ್ರಾದೇಶಿಕ ಬ್ಯಾಂಕುಗಳ ಷೇರು ಒಟ್ಟಿಗೇ ಬಿದ್ದವು. ಬಿಟಿಒ ಸಾಲ ಮಾಡಿಯೂ ಷೇರು ಕೊಳ್ಳುವ ಫಂಡ್. ಅಮೆರಿಕದ 1940ರ ಕಾಯ್ದೆ ಪ್ರಕಾರ ಇಂಥ ಫಂಡ್ ಸಾಲ ಎತ್ತುವಾಗ ಆಸ್ತಿ ಸಾಲದ ಮೂರು ಪಟ್ಟಾದರೂ ಇರಬೇಕು. ಆ ಮಿತಿಯೊಳಗೇ ಇದ್ದರೂ ಷೇರು ಬಿದ್ದಾಗ ಎನ್‌ಎವಿ ಇನ್ನೂ ಜಾಸ್ತಿ ಬೀಳುತ್ತೆ. ಮೇಲಿಂದ ಪ್ರೀಮಿಯಂ ಕೊಟ್ಟು ಕೊಂಡಿದ್ದರೆ ಎರಡು ಕಡೆಯಿಂದ ಏಟು. ನಿಮ್ಮ 200 ದಿನದ ಗೆರೆ ಅಲ್ಲಿ ಏನು ಮಾಡುತ್ತೆ?

ಟೆಕ್ನಿಕಲ್ ಬೇಡ ಅಂತ ನಾನು ಹೇಳುತ್ತಿಲ್ಲ! ನನಗೆ ಚಾರ್ಟ್ ಅಂದರೆ ಪ್ರಾಣ. ಮೂವಿಂಗ್ ಆವರೇಜನ್ನು ಎನ್‌ಎವಿ ಮೇಲೆ ಹಾಕಿ. ಪ್ರೀಮಿಯಂಗೇ ಬೇರೆ ಗೆರೆ ಎಳೆಯಿರಿ, ಅದರ ಒಂದು ವರ್ಷದ ಸರಾಸರಿ ನೋಡಿ, ಈಗ ಅದರಿಂದ ಎಷ್ಟು ದೂರ ಇದೆ ನೋಡಿ. ಎನ್‌ಎವಿ ಏರುತ್ತಿದ್ದು ಡಿಸ್ಕೌಂಟ್ ಎಂದಿಗಿಂತ ಹೆಚ್ಚಾಗಿದ್ದರೆ, ಆಗ ಬನ್ನಿ, ಬ್ರೇಕ್‌ಔಟ್ ಮಾತಾಡೋಣ, ಇಡೀ ರಾತ್ರಿ ಮಾತಾಡೋಣ.

ಡಿವಿಡೆಂಡ್ ಚೆನ್ನಾಗಿ ಬರುತ್ತಲ್ಲ ಸರ್ ಅಂತೀರಾ? ಎನ್‌ಎವಿ ನೋಡಿ. ಕೆಲವು ಸಲ ನಿಮ್ಮ ಅಸಲನ್ನೇ ನಿಮಗೆ ವಾಪಸ್ ಕೊಡುತ್ತಾರೆ, ಹಾಗಿದ್ದರೆ ನೋಟಿಸಲ್ಲೂ ಬರೆದಿರುತ್ತಾರೆ, ಓದಿ. ವಾಲ್ಯೂಮ್ ಜಾಸ್ತಿಯಾಗಿದೆ ಅಂತೀರಾ? ಎನ್‌ಎವಿ ನೋಡಿ. ನನ್ನ ಸ್ನೇಹಿತ ಕೊಂಡಿದ್ದಾನೆ ಅಂತೀರಾ? ಅವನಿಗೂ ಎನ್‌ಎವಿ ನೋಡು ಅನ್ನಿ!

ಆ ಕಾಮೆಂಟ್‌ಗೆ ಲೈಕ್ ಒತ್ತಿದವರೆಲ್ಲ ಇವತ್ತಿನ ಪ್ರೀಮಿಯಂ ಎಷ್ಟು ಅಂತ ಕೆಳಗೆ ಬರೆಯಿರಿ. ಬರೀ ಆರ್‌ಎಸ್‌ಐ ಬರೆದರೆ ನಾನು ಉತ್ತರ ಕೊಡುವುದಿಲ್ಲ. ಮುಂದಿನ ವಾರ ಬಡ್ಡಿ ದರ, ಬೆಲ್ ಒತ್ತಿಡಿ.