ಬೆಳಗಿನ ಆರಕ್ಕೆ ಗಂಟೆ ಬಾರಿಸುತ್ತಿದ್ದ ಕೋಚ್

ದೈಹಿಕ ಶಿಕ್ಷಣ ನಿರ್ದೇಶಕ ಮಿತ್ರರೇ, ವಿದ್ಯಾರ್ಥಿಗಳೇ,

ಅಮೆರಿಕದ ಲೂಸಿಯಾನಾ ರಾಜ್ಯದ ಉತ್ತರ ಭಾಗದಲ್ಲಿ ಗ್ರ್ಯಾಂಬ್ಲಿಂಗ್ ಎಂಬ ಸಣ್ಣ ಊರಿದೆ. ಅಲ್ಲಿನ ಕಾಲೇಜು ಹಾಸ್ಟೆಲಿನಲ್ಲಿ ಎಷ್ಟೋ ವರ್ಷ ಬೆಳಗಿನ ಆರರ ಹೊತ್ತಿಗೆ ಒಂದು ಸದ್ದು ಕೇಳುತ್ತಿತ್ತು. ದನದ ಕೊರಳಿಗೆ ಕಟ್ಟುವಂಥ ಗಂಟೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾ ಒಬ್ಬರು ಕೋಣೆಗಳ ಮುಂದೆ ಹಾದುಹೋಗುತ್ತಿದ್ದರು. ಎದ್ದು ತಿಂಡಿ ತಿನ್ನಿ, ತರಗತಿಗೆ ಹೊರಡಿ ಎಂದು ಆಟಗಾರರನ್ನು ಎಬ್ಬಿಸುವ ಗಂಟೆ ಅದು. ಮೈದಾನದ ಅಭ್ಯಾಸಕ್ಕೆ ಬೇರೆ ಹೊತ್ತಿತ್ತು. ಗಂಟೆ ಬಾರಿಸುತ್ತಿದ್ದವರು ಎಡ್ಡಿ ರಾಬಿನ್ಸನ್. ಅವರ ಕೈಕೆಳಗೆ ಆಡಿದ ಇನ್ನೂರಕ್ಕೂ ಹೆಚ್ಚು ಹುಡುಗರು ಮುಂದೆ ವೃತ್ತಿಪರ ಫುಟ್‌ಬಾಲ್ ತಂಡಗಳಿಗೆ ಆಯ್ಕೆಯಾದರು. ಅವರ ತಂಡ ಗೆದ್ದ ಪಂದ್ಯಗಳು 408.

ಅವರ ಬಗ್ಗೆಯೇ ಇಂದು ಮಾತನಾಡಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. ಗೆದ್ದ ಕೋಚ್‌ಗಳ ಕಥೆ ನಮಗೆ ಬೇಕಾದಷ್ಟು ಸಿಗುತ್ತದೆ. ಮುಚ್ಚಿದ ಬಾಗಿಲಿನ ಎದುರು ನಿಂತು, ಅದು ಎಂದು ತೆರೆಯುತ್ತದೋ ತಿಳಿಯದೆ, ತೆರೆದ ದಿನ ನನ್ನ ಹುಡುಗ ಸಿದ್ಧನಿರಬೇಕು ಎಂದು ದಿನವೂ ದುಡಿದ ಕೋಚ್‌ಗಳ ಕಥೆ ಅಪರೂಪ.

ಆಟದ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಇದು ನಾವು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ನೂರು ಗಜದ ಮೈದಾನದಲ್ಲಿ, ತಂಡಕ್ಕೆ ಹನ್ನೊಂದು ಜನ, ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹೊತ್ತು ಅಥವಾ ಎಸೆದು ಎದುರಾಳಿಯ ಗಡಿ ದಾಟಿಸುವ ಆಟ. ಹನ್ನೊಂದು ಜನರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನಿದ್ದಾನೆ. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ದೈತ್ಯರಂಥವರು ಮೈಮೇಲೆ ನುಗ್ಗುತ್ತಿರುವಾಗ ಎರಡು ಮೂರು ಸೆಕೆಂಡಿನಲ್ಲಿ ಇಡೀ ಮೈದಾನವನ್ನು ಓದಿ, ಯಾರಿಗೆ ಎಸೆಯಬೇಕೆಂದು ಅವನು ತೀರ್ಮಾನಿಸಬೇಕು. ತಂಡದ ತಲೆ ಅವನು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ರಾಬಿನ್ಸನ್ ಹುಟ್ಟಿದ್ದು 1919ರ ಫೆಬ್ರವರಿ 13ರಂದು, ಲೂಸಿಯಾನಾದ ಜ್ಯಾಕ್ಸನ್ ಎಂಬಲ್ಲಿ. ತಂದೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. ನಮ್ಮಲ್ಲಿ ಕೆಲವು ಕಡೆ ಕೋರು, ಕೆಲವು ಕಡೆ ವಾರ ಎನ್ನುತ್ತಾರೆ. ತಾಯಿ ಮನೆಗೆಲಸ ಮಾಡುತ್ತಿದ್ದರು. ಮುಂದೆ ಕುಟುಂಬ ಬ್ಯಾಟನ್ ರೂಜ್ ನಗರಕ್ಕೆ ಬಂತು. ಎಡ್ಡಿ ಮೂರನೇ ತರಗತಿಯಲ್ಲಿದ್ದಾಗ ಊರಿನ ಹೈಸ್ಕೂಲಿನ ಕೋಚ್ ತಮ್ಮ ತಂಡವನ್ನು ಆಟದ ಉಡುಪಿನಲ್ಲೇ ಇವರ ಶಾಲೆಗೆ ಕರೆತಂದರು. ಉಳಿದ ಮಕ್ಕಳ ಕಣ್ಣು ಆಟಗಾರರ ಮೇಲಿದ್ದರೆ, ಈ ಹುಡುಗನ ಕಣ್ಣು ಆ ದೊಡ್ಡ ದೊಡ್ಡ ಹುಡುಗರು ತಲೆಬಾಗಿ ಮಾತು ಕೇಳುತ್ತಿದ್ದ ಮೇಷ್ಟ್ರ ಮೇಲೆ ನೆಟ್ಟಿತ್ತು. ಆಡುವ ಮೊದಲೇ ಕೋಚ್ ಆಗಬೇಕೆಂದು ನಿಶ್ಚಯಿಸಿದವರು ಅವರು.

ಲೀಲ್ಯಾಂಡ್ ಕಾಲೇಜು ಎಂಬ ಸಣ್ಣ ಬ್ಯಾಪ್ಟಿಸ್ಟ್ ಸಂಸ್ಥೆಯಲ್ಲಿ ಅವರು ಕ್ವಾರ್ಟರ್‌ಬ್ಯಾಕ್ ಆಗಿ ಹೆಸರು ಮಾಡಿದರು. 1941ರಲ್ಲಿ ಪದವಿ ಕೈಗೆ ಬಂತು, ಕೆಲಸ ಬರಲಿಲ್ಲ. ದಕ್ಷಿಣದ ಯಾವ ಬಿಳಿಯರ ಕಾಲೇಜೂ ಕಪ್ಪು ವರ್ಣದ ಕೋಚ್‌ನನ್ನು ತೆಗೆದುಕೊಳ್ಳುವ ಕಾಲವಲ್ಲ ಅದು. ಪದವೀಧರ ಎಡ್ಡಿ ಬ್ಯಾಟನ್ ರೂಜ್‌ನ ಪಶು ಆಹಾರದ ಗಿರಣಿಯಲ್ಲಿ ಗಂಟೆಗೆ 25 ಸೆಂಟಿನಂತೆ ಕೂಲಿಗೆ ನಿಂತರು. ಅದೇ ವರ್ಷ ಡೋರಿಸ್ ಅವರೊಂದಿಗೆ ಮದುವೆಯೂ ಆಗಿತ್ತು. ಗ್ರ್ಯಾಂಬ್ಲಿಂಗ್‌ನಲ್ಲಿ ಒಂದು ಕೆಲಸ ಖಾಲಿಯಿದೆಯಂತೆ ಎಂಬ ಸುದ್ದಿ ತಲುಪಿದ್ದು ಹೆಂಡತಿಯ ಕಡೆಯ ಬಂಧುವೊಬ್ಬರಿಂದ.

ಆಗ ಆ ಕಾಲೇಜಿನ ಹೆಸರು ಲೂಸಿಯಾನಾ ನೀಗ್ರೋ ನಾರ್ಮಲ್ ಆಂಡ್ ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್. ತಮ್ಮ ಮಕ್ಕಳಿಗೊಂದು ಶಾಲೆ ಬೇಕೆಂದು ಆ ಸೀಮೆಯ ಕಪ್ಪು ರೈತರೇ ಮುಂದೆ ಬಂದು 1901ರಲ್ಲಿ ಆರಂಭಗೊಳ್ಳುವಂತೆ ಮಾಡಿದ ಸಂಸ್ಥೆ ಅದು. ಅಧ್ಯಕ್ಷರಾದ ರಾಲ್ಫ್ ವಾಲ್ಡೊ ಎಮರ್ಸನ್ ಜೋನ್ಸ್ 22 ವರ್ಷದ ಹುಡುಗನನ್ನು ನೇಮಿಸಿಕೊಂಡರು. ಸಂಬಳ ತಿಂಗಳಿಗೆ 63 ಡಾಲರ್ 75 ಸೆಂಟ್. ಅಷ್ಟಕ್ಕೆ ಫುಟ್‌ಬಾಲ್ ಜೊತೆ ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಕೂಡ ಕಲಿಸಬೇಕು. ಮೈದಾನದ ಹುಲ್ಲು ಕತ್ತರಿಸುವವರು ಅವರೇ, ಗೆರೆ ಎಳೆಯುವವರು ಅವರೇ, ಹುಡುಗರ ಕಾಲಿಗೆ ಪಟ್ಟಿ ಸುತ್ತುವವರೂ ಅವರೇ. ಪಂದ್ಯ ಮುಗಿದ ಮೇಲೆ ಅದರ ವರದಿ ಬರೆದು ಪತ್ರಿಕೆಗೆ ಕಳಿಸುವವರೂ ಅವರೇ. ಸಂಬಳ ಕೊಟ್ಟು ಸಹಾಯಕರನ್ನು ಇಡುವ ಶಕ್ತಿ ಕಾಲೇಜಿಗಿರಲಿಲ್ಲ. ರಾತ್ರಿ ಕಾವಲುಗಾರನೇ ಅವರಿಗೆ ಕೈಜೋಡಿಸಿದ ಸಹಾಯಕ. ಪಂದ್ಯಾವಳಿಯ ಬೆಳಿಗ್ಗೆ ಸುಣ್ಣದ ಪುಡಿಯ ಬಕೆಟ್ ಹಿಡಿದು ದಾರ ಕಟ್ಟಿ, ಬಗ್ಗಿ ಬಗ್ಗಿ ಗೆರೆ ಹಾಕಿ ಸೊಂಟ ಹಿಡಿದುಕೊಂಡವನು ನಾನು. ನಿಮ್ಮಲ್ಲೂ ಬಹಳ ಮಂದಿ ಇದ್ದೀರಿ. ಜಗತ್ತು ನೆನಪಿಟ್ಟುಕೊಂಡ ಒಬ್ಬ ದೊಡ್ಡ ಕೋಚ್ ಕೂಡ ಆ ಬಕೆಟ್ ಹಿಡಿದೇ ಶುರು ಮಾಡಿದರೆಂದು ಓದಿದ ದಿನ ನನಗೆ ಆದ ಸಮಾಧಾನವನ್ನು ಮಾತಿನಲ್ಲಿ ಹೇಳಲಾರೆ.

ಮೊದಲ ವರ್ಷ ಮೂರು ಗೆಲುವು, ಐದು ಸೋಲು. ಮರುವರ್ಷ 1942ರಲ್ಲಿ ಒಂಬತ್ತು ಪಂದ್ಯ ಆಡಿ ಒಂಬತ್ತನ್ನೂ ಗೆದ್ದರು. ಆ ಒಂಬತ್ತು ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ.

ಆಮೇಲೆ ಎರಡನೇ ಮಹಾಯುದ್ಧದ ಬಿಸಿ ತಟ್ಟಿತು. ಹುಡುಗರೆಲ್ಲ ಸೈನ್ಯಕ್ಕೆ ಹೋದರು. 1943 ಮತ್ತು 1944ರಲ್ಲಿ ಕಾಲೇಜು ತಂಡವೇ ಇರಲಿಲ್ಲ. ರಾಬಿನ್ಸನ್ ಊರಿನ ಹೈಸ್ಕೂಲ್ ತಂಡಕ್ಕೆ ಕಲಿಸತೊಡಗಿದರು. ಅವರ ಬದುಕಿನಲ್ಲಿ ನನಗೆ ಬಹಳ ಪ್ರಿಯವಾದ ಪ್ರಸಂಗ ನಡೆದದ್ದು ಆಗ. ತಂಡದಲ್ಲಿ ಒಬ್ಬ ರೈತನ ಮಕ್ಕಳಿದ್ದರು, ಒಳ್ಳೆಯ ಆಟಗಾರರು. ಹತ್ತಿ ಒಡೆದು ನಿಂತಿದೆ, ಇನ್ನು ಆಟ ಸಾಕು ಎಂದು ಅಪ್ಪ ಮಕ್ಕಳನ್ನು ಹೊಲಕ್ಕೆ ಎಳೆದುಕೊಂಡು ಹೋದರು. ಅಪ್ಪನದೇನೂ ತಪ್ಪಿರಲಿಲ್ಲ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಎರಡು ದಿನ ತಡವಾದರೂ ಏನಾಗುತ್ತದೆಂದು ಹಾವೇರಿ, ರಾಯಚೂರು ಕಡೆಯವರಿಗೆ ನಾನು ಹೇಳಬೇಕಿಲ್ಲ. ರಾಬಿನ್ಸನ್ ಹೋಗಿ ವಾದ ಮಾಡಲಿಲ್ಲ, ಶಾಲೆಯ ಕಡೆಯಿಂದ ಪತ್ರ ಬರೆಸಲಿಲ್ಲ. ಇಡೀ ತಂಡವನ್ನು ಕರೆದುಕೊಂಡು ಅದೇ ಹೊಲಕ್ಕೆ ಇಳಿದರು. ಎಲ್ಲರೂ ಸೇರಿ ಹತ್ತಿ ಬಿಡಿಸಿ ಮುಗಿಸಿದರು. ಆ ಮಕ್ಕಳು ತಂಡಕ್ಕೆ ವಾಪಸ್ ಬಂದರು.

ಯುದ್ಧದ ನಂತರ ಗ್ರ್ಯಾಂಬ್ಲಿಂಗ್ ತಂಡ ಊರಿಂದೂರಿಗೆ ಬಸ್ಸಿನಲ್ಲಿ ಹೋಗಿ ಆಡತೊಡಗಿತು. ದಾರಿಯ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಊಟವಿಲ್ಲ, ಶೌಚಾಲಯವೂ ಇಲ್ಲ. ಪ್ರತ್ಯೇಕ ಲೋಟದ ಚಹಾ ಅಂಗಡಿಗಳನ್ನು ಕಂಡ ನಾಡಿನವರು ನಾವು. ಇದನ್ನು ಬಿಡಿಸಿ ವಿವರಿಸುವ ಅಗತ್ಯವಿಲ್ಲ. ರಾಬಿನ್ಸನ್ ಹೊರಡುವ ಮುನ್ನವೇ ತಂಡಕ್ಕೆಂದು ಸ್ಯಾಂಡ್‌ವಿಚ್ ಕಟ್ಟಿಕೊಳ್ಳುತ್ತಿದ್ದರು. ಮನೆಯಲ್ಲಿ ಬುತ್ತಿ ಕಟ್ಟಿದಂತೆ, ಒಬ್ಬೊಬ್ಬ ಹುಡುಗನ ಲೆಕ್ಕ ಹಿಡಿದು.

1949ರಲ್ಲಿ ಬಾಗಿಲು ಮೊದಲ ಸಲ ಸ್ವಲ್ಪ ಸರಿಯಿತು. ಅವರ ಶಿಷ್ಯ ಪಾಲ್ ಯಂಗರ್, ಎಲ್ಲರ ಬಾಯಲ್ಲಿ ಟ್ಯಾಂಕ್ ಯಂಗರ್, ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಸೇರಿದರು. ಕಪ್ಪು ಜನರ ಕಾಲೇಜೊಂದರಿಂದ ರಾಷ್ಟ್ರೀಯ ಫುಟ್‌ಬಾಲ್ ಲೀಗಿಗೆ ಹೋದ ಮೊದಲ ಆಟಗಾರ. ಕಳಿಸಿಕೊಡುವಾಗ ರಾಬಿನ್ಸನ್ ಒಂದು ಮಾತು ತಿಳಿಸಿ ಹೇಳಿದ್ದರು: ನೀನು ಅಲ್ಲಿ ನಿಲ್ಲದಿದ್ದರೆ, ನಮ್ಮ ಕಾಲೇಜುಗಳ ಕಡೆ ಅವರು ಮತ್ತೆ ತಿರುಗಿ ನೋಡಲು ಎಷ್ಟು ಕಾಲ ಬೇಕೋ ತಿಳಿಯದು. ಇಪ್ಪತ್ತರ ಹುಡುಗನ ಹೆಗಲಿಗೆ ಇದು ಬಹಳ ಭಾರವಾದ ಮಾತು. ಯಂಗರ್ ನಿಂತರು. ಅವರ ಹಿಂದೆ ವಿಲ್ಲಿ ಡೇವಿಸ್, ಬಕ್ ಬುಕ್ಯಾನನ್, ವಿಲ್ಲಿ ಬ್ರೌನ್, ಚಾರ್ಲಿ ಜಾಯ್ನರ್ ಸಾಲಾಗಿ ಹೋದರು. ಈ ನಾಲ್ವರೂ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಎಂಬ ಗೌರವ ಪಟ್ಟಿಯಲ್ಲಿದ್ದಾರೆ.

ಆದರೂ ಒಂದು ಸ್ಥಾನ ಮಾತ್ರ ಸಿಗಲೇ ಇಲ್ಲ. ನೆನಪಿಡಿ ಎಂದಿದ್ದೆನಲ್ಲ, ಅದೇ ಕ್ವಾರ್ಟರ್‌ಬ್ಯಾಕ್ ಸ್ಥಾನ. ಕಪ್ಪು ಹುಡುಗರು ಓಡುತ್ತಾರೆ, ಜಿಗಿಯುತ್ತಾರೆ, ಗುದ್ದುತ್ತಾರೆ. ಯೋಚಿಸಿ ತಂಡ ನಡೆಸುವುದು ಅವರ ಕೈಲಾಗದು ಎಂಬ ನಂಬಿಕೆ ಲೀಗಿನ ತುಂಬ ಹರಡಿಕೊಂಡಿತ್ತು. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಮಿಂಚಿದವನಿಗೂ ಅಲ್ಲಿ ಹೋದ ಕೂಡಲೇ ಚೆಂಡು ಹಿಡಿಯುವ ಕೆಲಸವನ್ನೋ ಎದುರಾಳಿಯನ್ನು ತಡೆಯುವ ಕೆಲಸವನ್ನೋ ಒಪ್ಪಿಸುತ್ತಿದ್ದರು. 1960ರ ದಶಕದಲ್ಲಿ ಪ್ರಸಿದ್ಧ ಕ್ರೀಡಾ ನಿರೂಪಕ ಹೊವಾರ್ಡ್ ಕೊಸೆಲ್ ಸಂದರ್ಶನವೊಂದರಲ್ಲಿ ಇದನ್ನೇ ಕೇಳಿದರು: ಇಷ್ಟು ಆಟಗಾರರನ್ನು ಕೊಟ್ಟಿರಿ, ಒಬ್ಬ ಕ್ವಾರ್ಟರ್‌ಬ್ಯಾಕನ್ನು ಏಕೆ ಕೊಡಲಿಲ್ಲ? ಪ್ರಶ್ನೆ ರಾಬಿನ್ಸನ್ ಅವರ ಎದೆಗೆ ನಾಟಿತು. ಲೀಗಿನವರನ್ನು ದೂರಿ ಸುಮ್ಮನಾಗಬಹುದಿತ್ತು, ಆ ದೂರಿನಲ್ಲಿ ಸತ್ಯವೂ ಇತ್ತು. ಅವರು ಅದನ್ನು ತಮ್ಮ ಕೆಲಸದ ಪಟ್ಟಿಗೆ ಸೇರಿಸಿಕೊಂಡರು.

ಅದಕ್ಕಾಗಿ ಅವರು ಸಿದ್ಧಗೊಳಿಸಿದ ಹುಡುಗ ಮನ್ರೋ ಎಂಬ ಊರಿನ ಜೇಮ್ಸ್ ಹ್ಯಾರಿಸ್, ಎತ್ತರದ ಆಳು. ವೇಗವಾಗಿ ಓಡುವ ಕ್ವಾರ್ಟರ್‌ಬ್ಯಾಕ್ ಆದರೆ ಲೀಗಿನವರು ಅವನನ್ನು ಓಟದ ಕೆಲಸಕ್ಕೇ ಹಚ್ಚುತ್ತಾರೆ ಎಂಬುದು ರಾಬಿನ್ಸನ್‌ಗೆ ಗೊತ್ತಿತ್ತು. ಆದ್ದರಿಂದ ಹ್ಯಾರಿಸ್‌ಗೆ ವೃತ್ತಿಪರರ ಹಾಗೆ ಕೆಲವು ಹೆಜ್ಜೆ ಹಿಂದೆ ಸರಿದು, ನೆಟ್ಟಗೆ ನಿಂತು, ಮೈದಾನ ಓದಿ ಎಸೆಯುವುದನ್ನೇ ರೂಢಿ ಮಾಡಿಸಿದರು. ಅಲ್ಲಿಂದ ಹಿಂದಿರುಗಿ ಬಂದು, ನಾನು ಕಪ್ಪಗಿದ್ದೇನೆಂದು ತೆಗೆದುಕೊಳ್ಳಲಿಲ್ಲ ಎಂದು ಹೇಳಬೇಡ ಎಂದೂ ಎಚ್ಚರಿಸಿದರು. ಅನ್ಯಾಯ ಇರುವುದೇ ಇದೆ, ಅದಕ್ಕೆ ನಿನ್ನ ಆಟದಲ್ಲಿ ನೆಪ ಸಿಗದಂತೆ ತಯಾರಾಗು ಎಂಬ ಕಟ್ಟುನಿಟ್ಟು ಅದು. ಕಠಿಣವೇ. ಬಿಳಿಯ ಹುಡುಗ ಒಮ್ಮೆ ತಪ್ಪಬಹುದಾದಲ್ಲಿ ತಮ್ಮ ಹುಡುಗ ತಪ್ಪುವಂತಿಲ್ಲ ಎಂದು ಒಪ್ಪಿಕೊಂಡು ನಡೆಯುವುದು ಸರಿಯೇ ಎಂದು ನಾನು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಬೀದಿಗಿಳಿದು ಹೋರಾಡಲಿಲ್ಲ, ದೇಶವನ್ನು ಹೊಗಳುತ್ತಲೇ ಇದ್ದರು ಎಂದು ಅವರ ಕಾಲದ ಕೆಲವು ತರುಣರೂ ಅವರನ್ನು ಟೀಕಿಸಿದ್ದುಂಟು. ಆ ಟೀಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ 1969ರಲ್ಲಿ ಬಫಲೋ ಬಿಲ್ಸ್ ತಂಡ ತನ್ನ ಋತುವಿನ ಮೊದಲ ಪಂದ್ಯಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಇಳಿಸಿದ್ದು ಜೇಮ್ಸ್ ಹ್ಯಾರಿಸ್‌ರನ್ನು. ನಂತರ ಅವರು ರ‍್ಯಾಮ್ಸ್ ತಂಡವನ್ನೂ ಮುನ್ನಡೆಸಿದರು.

ಹ್ಯಾರಿಸ್ ತೆರೆದ ದಾರಿಯಲ್ಲಿ ಬಂದವರು ಡಗ್ ವಿಲಿಯಮ್ಸ್. ಲೂಸಿಯಾನಾದ ಝಕಾರಿಯವರು, ನಾಲ್ಕು ವರ್ಷ ಗ್ರ್ಯಾಂಬ್ಲಿಂಗ್‌ನ ಕ್ವಾರ್ಟರ್‌ಬ್ಯಾಕ್. 1978ರಲ್ಲಿ ಟ್ಯಾಂಪಾ ಬೇ ತಂಡ ಹೊಸ ಆಟಗಾರರ ಆಯ್ಕೆಯ ಮೊದಲ ಸುತ್ತಿನಲ್ಲೇ ಅವರನ್ನು ಆರಿಸಿತು. ಹತ್ತು ವರ್ಷದ ನಂತರ, 1988ರ ಜನವರಿ 31ರಂದು, ಸ್ಯಾನ್ ಡಿಯಾಗೊದಲ್ಲಿ ಸೂಪರ್ ಬೌಲ್ ಫೈನಲ್. ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಡಗ್ ವಿಲಿಯಮ್ಸ್. ಮೊದಲ ಕಾಲಾವಧಿಯಲ್ಲಿ ಡೆನ್ವರ್ ಹತ್ತು ಅಂಕ ಮುಂದಿತ್ತು. ವಿಲಿಯಮ್ಸ್ ಮೊಣಕಾಲು ತಿರುಚಿ ಬಿದ್ದರು, ಹೊರಗೆ ಹೋದರು, ಪಟ್ಟಿ ಬಿಗಿದುಕೊಂಡು ಮರಳಿದರು. ಎರಡನೇ ಕಾಲಾವಧಿ ಹದಿನೈದು ನಿಮಿಷದ್ದು. ಆ ಹದಿನೈದು ನಿಮಿಷದಲ್ಲಿ ಅವರ ನಾಲ್ಕು ಎಸೆತಗಳು ಗಡಿ ದಾಟಿದವು, ತಂಡ 35 ಅಂಕ ಗಳಿಸಿತು. ಪಂದ್ಯ 42–10. ಸೂಪರ್ ಬೌಲ್ ಗೆದ್ದುಕೊಟ್ಟ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರು. ಪಂದ್ಯಶ್ರೇಷ್ಠ ಪ್ರಶಸ್ತಿಯೂ ಅವರದೇ.

ರಾಬಿನ್ಸನ್ ಅಂದು ಕ್ರೀಡಾಂಗಣದಲ್ಲೇ ಇದ್ದರು. ಕಪ್ಪು ಬಾಕ್ಸರ್ ಜೋ ಲೂಯಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು ಕೆಡವಿದ ದಿನ ಹೇಗಿತ್ತೋ ಇದೂ ಹಾಗೆ, ಇದರ ಅರ್ಥ ನಿನಗೆ ಈಗ ತಿಳಿಯಲಿಕ್ಕಿಲ್ಲ ಎಂದು ಶಿಷ್ಯನಿಗೆ ಹೇಳಿದರಂತೆ. 1938ರ ಆ ಬಾಕ್ಸಿಂಗ್ ಪಂದ್ಯದ ಹೊತ್ತಿಗೆ ರಾಬಿನ್ಸನ್‌ಗೆ 19 ವರ್ಷ. ಅರ್ಧ ಶತಮಾನ ಅವರು ಆ ನೆನಪನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.

ದಾಖಲೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಲಬಾಮಾದ ಕೋಚ್ ಬೇರ್ ಬ್ರಯಂಟ್ ಅವರ 323 ಗೆಲುವುಗಳನ್ನು ರಾಬಿನ್ಸನ್ 1985ರ ಅಕ್ಟೋಬರ್‌ನಲ್ಲಿ ಡಲ್ಲಾಸ್‌ನಲ್ಲಿ ದಾಟಿದರು. 1995ರಲ್ಲಿ ನಾನೂರು ಮುಟ್ಟಿದರು. ತಂಡವನ್ನು ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂಗೂ, 1976ರಲ್ಲಿ ಟೋಕಿಯೊಗೂ ಕರೆದೊಯ್ದರು.

ಅವರ ಕಥೆಯಲ್ಲಿ ನೋವು ಕೊಡುವ ಭಾಗ ಇನ್ನೊಂದಿದೆ. 1970ರ ನಂತರ ದಕ್ಷಿಣದ ದೊಡ್ಡ ಬಿಳಿಯ ವಿಶ್ವವಿದ್ಯಾಲಯಗಳು ಕಪ್ಪು ಹುಡುಗರಿಗೆ ಬಾಗಿಲು ತೆರೆದವು. ರಾಬಿನ್ಸನ್ ಬಯಸಿದ್ದೇ ಅದನ್ನು. ಆದರೆ ಮೊದಲು ಬೇರೆ ದಾರಿಯಿಲ್ಲದೆ ಗ್ರ್ಯಾಂಬ್ಲಿಂಗ್‌ಗೆ ಬರುತ್ತಿದ್ದ ಹುಡುಗರು ಈಗ ದೊಡ್ಡ ಮೈದಾನ, ಟಿವಿ ಕ್ಯಾಮೆರಾ ಇರುವಲ್ಲಿಗೆ ಹೋಗತೊಡಗಿದರು. ಬಾಗಿಲು ಅಗಲವಾದಷ್ಟೂ ಅವರ ತಂಡ ಬಡವಾಯಿತು. ಕೊನೆಯ ಮೂರು ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಇನ್ನು ಇಳಿಯಲಿ ಎಂಬ ಒತ್ತಾಯ 1996ರಲ್ಲೇ ಎದ್ದಿತ್ತು. ಇನ್ನೊಂದು ವರ್ಷ ಕೊಡಿ ಎಂಬ ಜನರ ಕೂಗಿನಿಂದ 1997 ಸಿಕ್ಕಿತು. ಕೊನೆಯ ಪಂದ್ಯವನ್ನೂ ಅವರು ಸೋತರು. ಐವತ್ತಾರು ವರ್ಷ ಒಂದೇ ಸಂಸ್ಥೆಗೆ ದುಡಿದ ಮನುಷ್ಯನಿಗೆ ಇನ್ನಷ್ಟು ಮರ್ಯಾದೆಯ ವಿದಾಯ ಸಲ್ಲಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ತಮ್ಮ ನಿಜವಾದ ದಾಖಲೆ ಒಂದೇ ಕೆಲಸ, ಒಬ್ಬಳೇ ಹೆಂಡತಿ ಎಂದು ಅವರು ಹೇಳಿಕೊಳ್ಳುತ್ತಿದ್ದರು.

1998ರಲ್ಲಿ ಆ ಕೋಚ್ ಹುದ್ದೆಗೆ ಬಂದವರು ಡಗ್ ವಿಲಿಯಮ್ಸ್. 2000ದಿಂದ ಸತತ ಮೂರು ವರ್ಷ ಗ್ರ್ಯಾಂಬ್ಲಿಂಗ್ ತನ್ನ ವಲಯದ ಚಾಂಪಿಯನ್ ಆಯಿತು. ಅಷ್ಟರಲ್ಲಿ ಗುರುಗಳಿಗೆ ಮರೆವಿನ ಕಾಯಿಲೆ, ಆಲ್ಝೈಮರ್ಸ್, ಹತ್ತಿತ್ತು. ಸಾವಿರಾರು ಹುಡುಗರ ಹೆಸರನ್ನು ಹಿಡಿದಿಟ್ಟುಕೊಂಡಿದ್ದ ತಲೆ ಮೆಲ್ಲಗೆ ಖಾಲಿಯಾಯಿತು. 2007ರ ಏಪ್ರಿಲ್ 3ರಂದು, 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರ ದೇಹವನ್ನು ಬ್ಯಾಟನ್ ರೂಜ್‌ನ ರಾಜ್ಯ ಶಾಸನಭವನದ ನಡುಮನೆಯಲ್ಲಿ ಸಾರ್ವಜನಿಕರ ದರ್ಶನಕ್ಕೆ ಇಟ್ಟರು. ಲೂಸಿಯಾನಾದಲ್ಲಿ ಆ ಗೌರವ ಸಿಗುವುದು ಬಹಳ ಕಡಿಮೆ ಜನರಿಗೆ. ಆ ಭವನ ಕಟ್ಟಿ ಮುಗಿದದ್ದು 1932ರಲ್ಲಿ. ಆಗ ಎಡ್ಡಿ ಹದಿಮೂರರ ಹುಡುಗ. ಒಂಬತ್ತು ವರ್ಷದ ನಂತರ ಅದೇ ಊರಿನ ಗಿರಣಿಯಲ್ಲಿ, ಪದವಿಪತ್ರ ಮನೆಯಲ್ಲಿಟ್ಟು, ಗಂಟೆಗೆ 25 ಸೆಂಟಿಗೆ ಅವರು ಮೂಟೆಗಳ ನಡುವೆ ನಿಂತಿದ್ದರು.